ಜಂತುಹುಳು ಕುರಿಯ ರಕ್ತವನ್ನಷ್ಟೇ ಹೀರುವುದಿಲ್ಲ

ಮುಂಗಾರು ಹಿಡಿದು ಒಂದೂವರೆ, ಎರಡು ತಿಂಗಳಾಗುವ ಹೊತ್ತಿಗೆ ಬಯಲುಸೀಮೆಯ ಕುರಿ ಹಿಂಡುಗಳಲ್ಲಿ ಒಂದು ವಿಚಿತ್ರ ಕಾಣಬರುತ್ತದೆ. ಎಲ್ಲೆಲ್ಲೂ ಹಸುರು ಎದ್ದಿರುತ್ತದೆ. ಬೇಸಿಗೆಯಲ್ಲಿ ಒಣಕಡ್ಡಿ, ಉದುರಿದ ಎಲೆ ತಿಂದು ಜೀವ ಹಿಡಿದ ಕುರಿಗಳು ಈಗ ಮೈ ತುಂಬಿಕೊಳ್ಳಬೇಕು. ಆದರೆ ಕೆಲವು ಕುರಿಗಳು ಮೇವಿನ ನಡುವೆಯೇ ಸೊರಗುತ್ತವೆ. ಅದರಲ್ಲಿಯೂ ಈದು ಮೂರು ನಾಲ್ಕು ವಾರವಾದ ತಾಯಿಕುರಿಗಳು ಹಿಂಡಿನ ಹಿಂದೆ ಬೀಳುತ್ತವೆ. ಹುಲ್ಲಿಗೆ ಬಾಯಿ ಹಾಕಿ ಸುಮ್ಮನೆ ನಿಲ್ಲುತ್ತವೆ. ಮರಿ ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಸಾಲದೆ ಅರಚುತ್ತದೆ. ಸಂಜೆ ರೊಪ್ಪಕ್ಕೆ ಬಂದಾಗ ತಾಯಿಯ ಗದ್ದದ ಕೆಳಗೆ ನೀರು ತುಂಬಿ ಬಾತಿರುವುದೂ ಉಂಟು.

ಇದು ಜಂತುಬಾಧೆ ಎಂಬುದು ಕುರಿಗಾರರಿಗೆ ತಿಳಿಯದ ವಿಷಯವಲ್ಲ. ಔಷಧಿ ಕುಡಿಸುತ್ತಾರೆ. ಕುರಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಒಂದು ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಕತೆ. ‘ಔಷಧಿ ಕಲಬೆರಕೆ’ ಎಂದು ಅಂಗಡಿಯವನನ್ನು ಬೈಯುವುದು, ಬೇರೆ ಬಣ್ಣದ ಸೀಸೆ ತರುವುದು, ಇಡೀ ಹಿಂಡಿಗೆ ತಿಂಗಳಿಗೊಮ್ಮೆ ಕುಡಿಸುವುದು, ಹೀಗೆ ಖರ್ಚು ಬೆಳೆಯುತ್ತದೆಯೇ ಹೊರತು ಮರಿಗಳ ಸಾವು ಇಳಿಯುವುದಿಲ್ಲ. ಹುಳು ರಕ್ತ ಹೀರುತ್ತದೆ, ಹುಳುವನ್ನು ಕೊಂದರೆ ಸಾಕು ಎಂಬ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ ಎಂದಾಯಿತು. ಹುಳುವು ಕುರಿಯ ಹಸಿವನ್ನು, ಗ್ರಂಥಿಗಳ ಕೆಲಸವನ್ನು ಮತ್ತು ಜೀವಕೋಶಗಳ ಒಳಗಿನ ರಕ್ಷಣೆಯನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ತಿಳಿದರೆ, ಔಷಧಿ ಯಾವಾಗ ಮತ್ತು ಯಾವ ಕುರಿಗೆ ಬೇಕು, ಹಿಂಡಿ ಯಾವಾಗ ಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಹುಳುವಿನ ಸಂಸಾರ

ಕುರಿಯ ಹೊಟ್ಟೆಯಲ್ಲಿ ಹಲವು ಬಗೆಯ ದುಂಡುಹುಳುಗಳು ವಾಸಿಸುತ್ತವೆ. ಇವುಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಹಿಮಾಂಕಸ್ ಎಂಬ ಹುಳು. ಇದರ ಠಾವು ಕುರಿಯ ನಾಲ್ಕನೆಯ ಹೊಟ್ಟೆ, ಅಂದರೆ ಹುಳಿರಸ ಒಸರುವ ನಿಜವಾದ ಜಠರ. ಹೆಣ್ಣು ಹುಳು ಎರಡರಿಂದ ಮೂರು ಸೆಂಟಿಮೀಟರ್ ಉದ್ದ. ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿಯ ಅಂಡಾಶಯ ಹೊಸೆದುಕೊಂಡಿರುವುದರಿಂದ ಕೆಂಪು-ಬಿಳಿ ದಾರ ಹುರಿಗೊಳಿಸಿದಂತೆ ಕಾಣುತ್ತದೆ. ಸತ್ತ ಕುರಿಯ ಜಠರವನ್ನು ಕೂಡಲೆ ಸೀಳಿ ನೋಡಿದರೆ ಇವು ಬರಿಗಣ್ಣಿಗೇ ಕಾಣುತ್ತವೆ. ಇದರ ಜೊತೆಗೆ ಟ್ರೈಕೋಸ್ಟ್ರಾಂಗೈಲಸ್ ಎಂಬ ಕೂದಲಿನಷ್ಟು ತೆಳ್ಳಗಿನ ಹುಳು ಸಣ್ಣ ಕರುಳಿನಲ್ಲಿಯೂ, ಕರುಳಿನ ಗೋಡೆಯಲ್ಲಿ ಗಂಟು ಮಾಡುವ ಹುಳು ದೊಡ್ಡ ಕರುಳಿನಲ್ಲಿಯೂ ಇರುತ್ತವೆ.

ಒಂದು ಹಿಮಾಂಕಸ್ ಹುಳುವಿನಿಂದ ಕುರಿಗೆ ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ನಷ್ಟ. ಕೇಳುವುದಕ್ಕೆ ಇದು ಏನೂ ಅಲ್ಲ. ಆದರೆ ಒಂದು ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್ ಆಯಿತು. 30 ಕಿಲೋ ತೂಕದ ಕುರಿಯ ಮೈಯಲ್ಲಿರುವ ಒಟ್ಟು ರಕ್ತ ಎರಡು ಲೀಟರಿನ ಆಸುಪಾಸು. ತಿಂಗಳೊಂದರಲ್ಲಿ ಹೋಗುವುದು ಒಂದೂವರೆ ಲೀಟರು. ಕುರಿಯ ಎಲುಬಿನ ಮಜ್ಜೆ ಹೊಸ ರಕ್ತವನ್ನು ಮಾಡುತ್ತಲೇ ಇರುವುದರಿಂದ ಅದು ಬದುಕಿರುತ್ತದೆ. ಹೊಸ ರಕ್ತಕ್ಕೆ ಬೇಕಾದ ಸಸಾರಜನಕ ಮತ್ತು ಕಬ್ಬಿಣ ಎಲ್ಲಿಂದ ಬರಬೇಕು? ಮಾಂಸದಿಂದ, ಹಾಲಿನಿಂದ, ಉಣ್ಣೆಯಿಂದ.

ಹೆಣ್ಣು ಹುಳು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆಗಳನ್ನಿಡುತ್ತದೆ. ಸಾವಿರ ಹುಳುಗಳಲ್ಲಿ ಅರ್ಧ ಹೆಣ್ಣು ಎಂದುಕೊಂಡರೂ ಆ ಒಂದು ಕುರಿಯ ಹಿಕ್ಕೆಯಲ್ಲಿ ದಿನಕ್ಕೆ ಕನಿಷ್ಠ 25 ಲಕ್ಷ ಮೊಟ್ಟೆಗಳು ಹುಲ್ಲುಗಾವಲಿಗೆ ಬೀಳುತ್ತವೆ. ಮಳೆಗಾಲದ ತೇವ ಮತ್ತು 25ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ ಇದ್ದರೆ ಒಂದು ವಾರದೊಳಗೆ ಮೊಟ್ಟೆ ಒಡೆದು, ಮರಿಹುಳು ಎರಡು ಸಲ ಪೊರೆ ಬಿಟ್ಟು, ಸೋಂಕು ತರುವ ಹಂತಕ್ಕೆ ಬರುತ್ತದೆ. ಇಬ್ಬನಿಯ ತೇವದಲ್ಲಿ ಹುಲ್ಲಿನ ಎಸಳೇರುತ್ತದೆ. ಕುರಿಯ ಹೊಟ್ಟೆ ಸೇರಿದ ಮೂರು ವಾರಕ್ಕೆ ತಾನೂ ಮೊಟ್ಟೆಯಿಡತೊಡಗುತ್ತದೆ. ಜೂನಿನ ಮಳೆಗೆ ಜುಲೈ ಕೊನೆ, ಆಗಸ್ಟ್ ವೇಳೆಗೆ ಕುರಿ ಬಿಳಿಚಿಕೊಳ್ಳುವುದು ಈ ಲೆಕ್ಕದಿಂದಲೇ.

ಹುಲ್ಲಿದ್ದರೂ ಕುರಿ ಮೇಯದಿರುವುದೇಕೆ?

ಜಂತುಬಾಧೆಯಿಂದ ಕುರಿ ಕಳೆದುಕೊಳ್ಳುವ ತೂಕದಲ್ಲಿ ಬಹುಪಾಲು ಹಸಿವು ಕುಗ್ಗಿದ್ದರಿಂದಲೇ ಆದದ್ದು. ಮೇವನ್ನು ಹುಳುವೇ ತಿಂದುಬಿಡುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿದೆ, ಅದು ಸರಿಯಲ್ಲ. ಕುರಿಯೇ ಮೇವನ್ನು ಬಿಡುತ್ತದೆ. ಇದಕ್ಕೆ ಕಾರಣ ಹುಡುಕಿದಾಗ ವಿಜ್ಞಾನಿಗಳಿಗೆ ಕಂಡದ್ದು ಹಾರ್ಮೋನುಗಳ ಏರುಪೇರು. ಹಾರ್ಮೋನುಗಳೆಂದರೆ ದೇಹದ ಗ್ರಂಥಿಗಳು ಮತ್ತು ಕೆಲವು ವಿಶೇಷ ಕೋಶಗಳು ನೇರವಾಗಿ ರಕ್ತಕ್ಕೆ ಬಿಡುವ ರಸಗಳು. ಒಂದು ಅಂಗದ ಸುದ್ದಿಯನ್ನು ಇನ್ನೊಂದು ಅಂಗಕ್ಕೆ ಮುಟ್ಟಿಸುವ ಓಲೆಕಾರರು.

ಜಠರದ ಒಳಪೊರೆಯಲ್ಲಿ ಹುಳಿರಸವನ್ನು ಒಸರುವ ಕೋಶಗಳಿವೆ. ಹುಳುಗಳು ಅಲ್ಲಿಯೇ ಬೆಳೆದು, ಪೊರೆಯನ್ನು ಚುಚ್ಚಿ ಗಾಯ ಮಾಡಿದಾಗ ಈ ಕೋಶಗಳ ಕೆಲಸ ನಿಲ್ಲುತ್ತದೆ. ಜಠರದ ಹುಳಿ ಇಳಿಯುತ್ತದೆ. ಹುಳಿ ಇಳಿದದ್ದನ್ನು ಅರಿತ ದೇಹ ‘ಇನ್ನಷ್ಟು ಹುಳಿ ಬೇಕು’ ಎಂದು ಹೇಳುವ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಹೆಚ್ಚು ಹೆಚ್ಚಾಗಿ ಬಿಡುತ್ತದೆ. ಹುಳಿ ಒಸರಬೇಕಾದ ಕೋಶಗಳೇ ಕೆಟ್ಟಿರುವಾಗ ಈ ಆಜ್ಞೆಯಿಂದ ಫಲವಿಲ್ಲ. ಆದರೆ ಗ್ಯಾಸ್ಟ್ರಿನ್ ಹೆಚ್ಚಾದಾಗ ಮೊದಲ ಹೊಟ್ಟೆಯ ಚಲನೆ ನಿಧಾನವಾಗುತ್ತದೆ. ಹೊಟ್ಟೆ ಖಾಲಿಯಾಗುವುದು ತಡವಾದರೆ ಹಸಿವಾಗುವುದೂ ತಡ. ಕರುಳಿನ ಹುಳುಗಳ ಬಾಧೆಯಲ್ಲಿ ಕೊಲಿಸಿಸ್ಟೊಕೈನಿನ್ ಎಂಬ ಇನ್ನೊಂದು ಹಾರ್ಮೋನೂ ಏರುತ್ತದೆ. ಊಟದ ನಂತರ ‘ಸಾಕು’ ಎಂಬ ಭಾವನೆ ತರುವುದು ಇದರ ಸಹಜ ಕೆಲಸ. ಕುರಿ ನಾಲ್ಕು ಬಾಯಿ ಮೇಯ್ದು ಸುಮ್ಮನೆ ನಿಲ್ಲುವುದು ಸೋಮಾರಿತನದಿಂದಲ್ಲ, ಹೊಟ್ಟೆ ತುಂಬಿದೆ ಎಂಬ ಸುಳ್ಳು ಸುದ್ದಿ ಅದರ ಮಿದುಳಿಗೆ ಮುಟ್ಟಿರುತ್ತದೆ.

ಹುಳಿ ಇಳಿದದ್ದರಿಂದ ಇನ್ನೊಂದು ನಷ್ಟವಿದೆ. ಮೇವಿನ ಸಸಾರಜನಕವನ್ನು ಅರಗಿಸುವ ಪೆಪ್ಸಿನ್ ಹುಳಿಯಿಲ್ಲದೆ ಕೆಲಸ ಮಾಡಲಾರದು. ಗಾಯಗೊಂಡ ಪೊರೆಯ ಸಂದುಗಳಿಂದ ರಕ್ತದ ಸಸಾರಜನಕವೂ ಹೊಟ್ಟೆಯೊಳಕ್ಕೆ ಸೋರುತ್ತದೆ. ರಕ್ತದಲ್ಲಿ ನೀರನ್ನು ಹಿಡಿದಿಡುವ ಆಲ್ಬುಮಿನ್ ಹೀಗೆ ಸೋರಿಹೋದಾಗ ನೀರು ಚರ್ಮದ ಕೆಳಗೆ ಇಳಿದು ಗದ್ದ ಬಾಯುತ್ತದೆ. ಆ ಬಾವನ್ನು ಸೂಜಿಯಿಂದ ಚುಚ್ಚಿ ನೀರು ತೆಗೆಯುವುದಾಗಲಿ, ಕಾದ ಕಬ್ಬಿಣದಿಂದ ಬರೆ ಹಾಕುವುದಾಗಲಿ ನಿಷ್ಪ್ರಯೋಜಕ. ಕುರಿಗೆ ಹಿಂಸೆ ಮಾತ್ರ.

ಬೆಳವಣಿಗೆಯ ಮೇಲೆ ಹಿಡಿತ

ಕರುಳಿನ ಹುಳುಗಳನ್ನು ಹೊತ್ತ ಕುರಿಗಳ ರಕ್ತವನ್ನು ಪರೀಕ್ಷಿಸಿದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಏರಿರುವುದೂ, ಥೈರಾಯಿಡ್ ಗ್ರಂಥಿಯ ಥೈರಾಕ್ಸಿನ್ ಮತ್ತು ಮೇದೋಜೀರಕದ ಇನ್ಸುಲಿನ್ ಇಳಿದಿರುವುದೂ ಕಂಡುಬಂದಿದೆ. ಕಾರ್ಟಿಸಾಲ್ ಆಪತ್ಕಾಲದ ಹಾರ್ಮೋನು. ನಾಯಿ ಅಟ್ಟಿಸಿಕೊಂಡು ಬಂದಾಗ ಅದು ಕುರಿಯನ್ನು ಉಳಿಸುತ್ತದೆ. ಆದರೆ ವಾರಗಟ್ಟಲೆ ಏರಿಯೇ ಇದ್ದರೆ ಮಾಂಸಖಂಡವನ್ನು ಕರಗಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ಅಡಗಿಸುತ್ತದೆ. ಪ್ರಯೋಗಾಲಯದಲ್ಲಿ ಕಾರ್ಟಿಸಾಲ್‌ನಂತಹ ಔಷಧಿಯನ್ನು ಕುರಿಗೆ ಚುಚ್ಚಿದಾಗ, ಅದುವರೆಗೆ ಹುಳುಗಳನ್ನು ಚೆನ್ನಾಗಿ ತಡೆಯುತ್ತಿದ್ದ ಕುರಿಯೂ ಅವಕ್ಕೆ ಈಡಾಗಿದ್ದುಂಟು. ದೂರದ ವಲಸೆ, ಲಾರಿಯಲ್ಲಿ ಇಕ್ಕಟ್ಟಿನ ಪ್ರಯಾಣ, ನೆನೆದ ಮೈಯಲ್ಲಿ ಕೆಸರಿನ ರೊಪ್ಪದಲ್ಲಿ ರಾತ್ರಿ ಕಳೆಯುವುದು, ಇವೆಲ್ಲ ಕಾರ್ಟಿಸಾಲನ್ನು ಏರಿಸತಕ್ಕವುಗಳೇ. ಹುಳುವಿನ ಹೊರೆಯ ಮೇಲೆ ಈ ಹೊರೆಯೂ ಬಿದ್ದಾಗ ಕುರಿ ಕುಸಿಯುತ್ತದೆ.

ಬೆಳೆಯುವ ಮರಿಗಳಲ್ಲಿ ಪಿತ್ತಜನಕಾಂಗದಿಂದ ಬರುವ, ಇನ್ಸುಲಿನ್ನನ್ನು ಹೋಲುವ ಬೆಳವಣಿಗೆಯ ಅಂಶವೊಂದು ಮೂಳೆ ಮತ್ತು ಮಾಂಸವನ್ನು ಬೆಳೆಸುತ್ತದೆ. ಮೇವು ಕಡಿಮೆಯಾದಾಗಲೂ ಜಂತುಬಾಧೆಯಾದಾಗಲೂ ಇದು ಇಳಿಯುತ್ತದೆ. ಇದು ಕುರಿಗಷ್ಟೇ ಸೀಮಿತವಲ್ಲ. ಅರ್ಜೆಂಟೀನಾದಲ್ಲಿ ಹಾಲಿನ ತಳಿಯ ಕಡಸುಗಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹುಟ್ಟಿನಿಂದ ಜಂತುಬಾಧೆ ಇಲ್ಲದಂತೆ ಬೆಳೆಸಿದ ಕಡಸುಗಳು ಹುಳುಗಳಿದ್ದ ಕಡಸುಗಳಿಗಿಂತ ಸುಮಾರು ಮೂರು ವಾರ ಮೊದಲೇ ಪ್ರಾಯಕ್ಕೆ ಬಂದವು. ಅವುಗಳ ರಕ್ತದಲ್ಲಿ ಈ ಬೆಳವಣಿಗೆಯ ಅಂಶವೂ ಹೆಚ್ಚಾಗಿತ್ತು. ಹೆಣ್ಣುಮರಿ ಬೆದೆಗೆ ಬರುವುದು ತಡವಾದರೆ ರೈತನಿಗೆ ಮೊದಲ ಈತವೇ ಮುಂದಕ್ಕೆ ಹೋಗುತ್ತದೆ. ಈ ನಷ್ಟ ಸತ್ತ ಕುರಿಯಂತೆ ಕಣ್ಣಿಗೆ ಕಾಣುವುದಿಲ್ಲ, ಯಾರೂ ಲೆಕ್ಕಕ್ಕೆ ಬರೆಯುವುದೂ ಇಲ್ಲ.

ಮೈಯೊಳಗಿನ ಕಿಡಿ

ಇತ್ತೀಚಿನ ಸಂಶೋಧನೆಗಳಲ್ಲಿ ‘ಉತ್ಕರ್ಷಣ ಒತ್ತಡ’ ಎಂಬ ಮಾತು ಬಹಳವಾಗಿ ಬರುತ್ತಿದೆ. ಹೆಸರು ಬಿರುಸಾದರೂ ವಿಷಯ ಅಡುಗೆಮನೆಯಲ್ಲಿಯೇ ಇದೆ. ಕಡಲೆಕಾಯಿ ಎಣ್ಣೆಯನ್ನು ಮುಚ್ಚಳವಿಲ್ಲದೆ ಬಹಳ ದಿನ ಇಟ್ಟರೆ ಗಾಳಿಯ ಆಮ್ಲಜನಕ ತಗುಲಿ ಕಮಟು ವಾಸನೆ ಬರುತ್ತದೆ. ಪ್ರತಿಯೊಂದು ಜೀವಕೋಶದ ಸುತ್ತಲೂ ಕೊಬ್ಬಿನ ತೆಳು ಪೊರೆಯಿದೆ. ಆಮ್ಲಜನಕದ ಉಗ್ರ ರೂಪಗಳು ತಗುಲಿದರೆ ಆ ಕೊಬ್ಬೂ ಹೀಗೆಯೇ ಕಮಟುತ್ತದೆ. ಪೊರೆ ಹರಿದು ಕೋಶ ಕೆಡುತ್ತದೆ.

ಈ ಉಗ್ರ ಆಮ್ಲಜನಕ ಬರುವುದೆಲ್ಲಿಂದ? ಮುಖ್ಯವಾಗಿ ಕುರಿಯ ಸ್ವಂತ ಸೈನ್ಯದಿಂದ. ಹುಳು ಹೊಕ್ಕ ಸುದ್ದಿ ಸಿಕ್ಕೊಡನೆ ಇಯೋಸಿನೊಫಿಲ್ ಮುಂತಾದ ಬಿಳಿ ರಕ್ತಕಣಗಳು ಜಠರದ ಗೋಡೆಗೆ ನುಗ್ಗಿ ಉಗ್ರ ಆಮ್ಲಜನಕವನ್ನು ಕಿಡಿಗಳಂತೆ ಹುಳುವಿನ ಮೇಲೆ ಎರಚುತ್ತವೆ. ಎಳೆಯ ಮರಿಹುಳುಗಳನ್ನು ಕೊಲ್ಲಲು ಈ ಕಿಡಿ ಬೇಕೇ ಬೇಕು. ಆದರೆ ಬೆಳೆದ ಹುಳು ಬಲು ಗಟ್ಟಿ. ಕಿಡಿಯನ್ನು ಆರಿಸುವ ಕಿಣ್ವಗಳನ್ನು ಅದು ತಾನೇ ಒಸರಿ ತಪ್ಪಿಸಿಕೊಳ್ಳುತ್ತದೆ. ಕಿಡಿ ಕೊನೆಗೆ ಬೀಳುವುದು ಕುರಿಯ ಜಠರದ ಪೊರೆಯ ಮೇಲೆಯೇ. ಸೋರಿದ ರಕ್ತದ ಕಬ್ಬಿಣ ಸೇರಿದಾಗ ಈ ಕ್ರಿಯೆ ಇನ್ನಷ್ಟು ಬಿರುಸಾಗುತ್ತದೆ.

ಕುರಿಯಲ್ಲಿಯೂ ಕಿಡಿ ಆರಿಸುವ ವ್ಯವಸ್ಥೆ ಇಲ್ಲದಿಲ್ಲ. ತಾಮ್ರ ಮತ್ತು ಸತುವಿನಿಂದಾದ ಒಂದು ಕಿಣ್ವ, ಸೆಲೆನಿಯಂ ಎಂಬ ಖನಿಜದಿಂದಾದ ಇನ್ನೊಂದು, ಕಬ್ಬಿಣವುಳ್ಳ ಕೆಟಲೇಸ್, ಜೊತೆಗೆ ಹಸುರು ಮೇವಿನಿಂದ ಬರುವ ಇ ಜೀವಸತ್ತ್ವ, ಇವೆಲ್ಲ ಬೆಂಕಿ ಬೀಳುವ ಮನೆಯಲ್ಲಿ ತುಂಬಿಟ್ಟ ನೀರಿನ ಕೊಡಗಳಂತೆ. ಜಂತುಬಾಧೆ ಹೆಚ್ಚಾದ ಕುರಿಗಳಲ್ಲಿ ಕೊಬ್ಬು ಕೆಟ್ಟಾಗ ಹುಟ್ಟುವ ಮಾಲಾನ್‌ಡೈಆಲ್ಡಿಹೈಡ್ ಎಂಬ ವಸ್ತು ರಕ್ತದಲ್ಲಿ ಏರಿರುವುದನ್ನೂ, ಕಿಡಿ ಆರಿಸುವ ಕಿಣ್ವಗಳು ಕುಗ್ಗಿರುವುದನ್ನೂ ಅನೇಕ ಪ್ರಯೋಗಗಳು ತೋರಿಸಿವೆ. ಕೊಡಗಳು ಬರಿದಾಗುತ್ತಿವೆ ಎಂದರ್ಥ. ಹಸಿವಿಲ್ಲದ ಕುರಿ ಅವನ್ನು ಮತ್ತೆ ತುಂಬಿಸಿಕೊಳ್ಳುವುದು ಹೇಗೆ? ಹುಳು ಸತ್ತ ಮೇಲೂ ಕುರಿ ಕೆಲವು ವಾರ ಚೇತರಿಸದಿರುವುದಕ್ಕೆ ಗಾಯಗೊಂಡ ಪೊರೆ ಕೂಡಿಕೊಳ್ಳಬೇಕು, ಕೊಡಗಳು ತುಂಬಬೇಕು ಎಂಬುದು ದೊಡ್ಡ ಕಾರಣ. ಔಷಧಿಯನ್ನು ಬೈದು ಫಲವಿಲ್ಲ.

ಖನಿಜದ ಮಾತು ಬಂದಾಗ ಒಂದು ಎಚ್ಚರಿಕೆ ಅಗತ್ಯ. ತಾಮ್ರ ಒಳ್ಳೆಯದೆಂದು ಮೈಲುತುತ್ತ ಕರಗಿಸಿ ಕುಡಿಸುವುದು, ದನಗಳಿಗೆಂದು ತಯಾರಿಸಿದ ಖನಿಜ ಮಿಶ್ರಣವನ್ನು ಕುರಿಗೂ ಇಡುವುದು ಅಪಾಯ. ತಾಮ್ರ ಹೆಚ್ಚಾದರೆ ದನಕ್ಕಿಂತ ಕುರಿ ಬೇಗ ವಿಷಕ್ಕೆ ಈಡಾಗುತ್ತದೆ. ತಿಂಗಳುಗಟ್ಟಲೆ ಪಿತ್ತಜನಕಾಂಗದಲ್ಲಿ ಸೇರಿಕೊಂಡು ಒಂದು ದಿನ ಹಠಾತ್ತಾಗಿ ಕೊಲ್ಲುತ್ತದೆ. ಕುರಿಗೆಂದೇ ಮಾಡಿದ ಮಿಶ್ರಣವನ್ನೇ ಕೊಳ್ಳತಕ್ಕದ್ದು.

ಈಯುವ ಕಾಲದಲ್ಲಿ ಬೇಲಿ ಸಡಿಲು

ಬೆಳೆದ ಕುರಿ ಸಾಮಾನ್ಯ ದಿನಗಳಲ್ಲಿ ಹುಳುಗಳನ್ನು ಒಂದು ಮಟ್ಟದಲ್ಲಿ ಹಿಡಿದಿಡುತ್ತದೆ. ಆದರೆ ಈಯುವ ಎರಡು ವಾರ ಮೊದಲಿನಿಂದ ಈದು ಆರರಿಂದ ಎಂಟು ವಾರಗಳವರೆಗೆ ಈ ಹಿಡಿತ ಸಡಿಲವಾಗುತ್ತದೆ. ಹಿಕ್ಕೆಯಲ್ಲಿ ಮೊಟ್ಟೆಗಳ ಸಂಖ್ಯೆ ಒಮ್ಮೆಲೆ ಏರುತ್ತದೆ. ಬೇಸಿಗೆಯಲ್ಲಿ ಜಠರದ ಗೋಡೆಯೊಳಗೆ ಬೆಳೆಯದೆ ಮಲಗಿದ್ದ ಮರಿಹುಳುಗಳೂ ಈ ಕಾಲದಲ್ಲಿ ಎದ್ದು ಬರುತ್ತವೆ. ಅವಳಿ ಮರಿ ಹಾಕಿದ ಕುರಿಯಲ್ಲಿ ಏರಿಕೆ ಇನ್ನೂ ಹೆಚ್ಚು. ಲೋಕದ ಎಲ್ಲ ಕುರಿ ಸಾಕುವ ದೇಶಗಳಲ್ಲಿಯೂ ಇದನ್ನು ಗಮನಿಸಿದ್ದಾರೆ.

ಹಾಲೂಡಿಸುವುದಕ್ಕೆ ಕಾರಣವಾದ ಪ್ರೊಲಾಕ್ಟಿನ್ ಎಂಬ ಹಾರ್ಮೋನೇ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ ಎಂದು ಮೊದಲು ಬಲವಾಗಿ ನಂಬಲಾಗಿತ್ತು. ಅದು ಏರುವ ಕಾಲವೂ ಮೊಟ್ಟೆಗಳು ಏರುವ ಕಾಲವೂ ಒಂದೇ ಆಗಿರುವುದರಿಂದ ಹಾಗೆ ಎಣಿಸಿದ್ದು ಸಹಜ. ಮರಿಯನ್ನು ಬೇಗ ಬಿಡಿಸಿದರೆ ತಾಯಿಯ ಹಿಡಿತ ಬೇಗ ಮರಳುತ್ತದೆ ಎಂಬುದೂ ನಿಜ. ಆದರೆ ಮುಂದಿನ ಪ್ರಯೋಗಗಳು ಹಾರ್ಮೋನಿನ ಹಿಂದೆ ಇನ್ನೊಂದು ಸಂಗತಿಯನ್ನು ತೋರಿಸಿದವು. ಗಬ್ಬದ ಕೊನೆಯಲ್ಲಿಯೂ ಹಾಲೂಡುವಾಗಲೂ ಒಳ್ಳೆಯ ಸಸಾರಜನಕವುಳ್ಳ ಆಹಾರವನ್ನು ಹೆಚ್ಚಾಗಿ ಕೊಟ್ಟ ಕುರಿಗಳಲ್ಲಿ ಮೊಟ್ಟೆಗಳ ಏರಿಕೆ ಗಮನಾರ್ಹವಾಗಿ ಕಡಿಮೆಯಾಯಿತು. ಹಾರ್ಮೋನುಗಳು ಹಾಗೆಯೇ ಇದ್ದವು, ಬದಲಾದದ್ದು ಮೇವು ಮಾತ್ರ.

ಇದನ್ನು ಹೀಗೆ ತಿಳಿಯಬಹುದು. ಬರಗಾಲದ ವರ್ಷ ಕಣಜದಲ್ಲಿರುವ ದವಸ ಅಳತೆಯದು. ಮನೆಯಾಕೆ ಮೊದಲು ಮಕ್ಕಳಿಗೆ ಇಡುತ್ತಾಳೆ; ಬೇಲಿ ಕಟ್ಟುವ ಆಳಿಗೆ ಕೂಲಿ ಕೊಡಲು ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ತಾಯಿಕುರಿಯ ದೇಹವೂ ಸಿಕ್ಕಿದ ಸಸಾರಜನಕವನ್ನು ಮೊದಲು ತನ್ನ ಉಸಿರಿಗೆ, ಬಳಿಕ ಹೊಟ್ಟೆಯ ಮರಿಗೆ ಮತ್ತು ಹಾಲಿಗೆ ಹಂಚುತ್ತದೆ. ಹುಳುಗಳನ್ನು ತಡೆಯುವ ಪ್ರತಿಕಾಯಗಳು ಮತ್ತು ಬಿಳಿ ರಕ್ತಕಣಗಳು ತಯಾರಾಗುವುದು ಕೊನೆಯ ಸರದಿಯಲ್ಲಿ. ಹಾಲಿಗಾಗಿ ಕೊಬ್ಬು ಕರಗಿಸುವ ಈ ಕಾಲದಲ್ಲಿ ಉತ್ಕರ್ಷಣ ಒತ್ತಡವೂ ಏರುತ್ತದೆ. ಹುಳುವೋ ಹಸಿವನ್ನೇ ಕಟ್ಟಿಹಾಕಿ ಕಣಜಕ್ಕೆ ಬರುವ ದವಸವನ್ನೇ ತಡೆಯುತ್ತದೆ. ಹೀಗೆ ಒಂದಕ್ಕೊಂದು ಕೊಂಡಿ ಬೀಳುತ್ತದೆ. ಈ ಕೊಂಡಿಯನ್ನು ಔಷಧಿಯೊಂದರಿಂದಲೇ ಬಿಡಿಸಲಾಗದು.

ಇದರ ಪರಿಣಾಮ ತಾಯಿಯೊಂದಕ್ಕೇ ಅಲ್ಲ. ಮರಿ ಹುಲ್ಲು ಕಚ್ಚಲು ಕಲಿಯುವುದು ಈದ ಎರಡು ಮೂರು ವಾರಕ್ಕೆ. ಸರಿಯಾಗಿ ಅದೇ ವೇಳೆಗೆ ತಾಯಿ ಉದುರಿಸಿದ ಲಕ್ಷಾಂತರ ಮೊಟ್ಟೆಗಳು ಹುಲ್ಲಿನ ಮೇಲೆ ಮರಿಹುಳುಗಳಾಗಿ ಕಾದಿರುತ್ತವೆ. ಹುಳುವನ್ನು ಎಂದೂ ಕಂಡರಿಯದ ಎಳೆಯ ಹೊಟ್ಟೆ ಅದು.

ಹಿಂಡಿ ಮೊದಲು, ಸೀಸೆ ಆಮೇಲೆ

ಗಬ್ಬದ ಅವಧಿ ಸುಮಾರು ಐದು ತಿಂಗಳು. ಇದರ ಕೊನೆಯ ಒಂದೂವರೆ ತಿಂಗಳು ಮತ್ತು ಈದ ನಂತರದ ಎರಡು ತಿಂಗಳು ತಾಯಿಕುರಿಗೆ ದಿನಕ್ಕೆ 200ರಿಂದ 250 ಗ್ರಾಂ ಕೈತಿಂಡಿ ಕೊಡುವುದು ಲೇಸು. ನುಚ್ಚು ಮಾಡಿದ ಜೋಳ ಅಥವಾ ಮುಸುಕಿನ ಜೋಳ, ನೆನೆಸಿದ ಹುರುಳಿ, ಹಿಂಡಿ, ತೌಡು, ಯಾವುದು ಊರಿನಲ್ಲಿ ಅಗ್ಗವೋ ಅದನ್ನು ಕೂಡಿಸಿಕೊಳ್ಳಬಹುದು. ಕಡಲೆಕಾಯಿ ಹಿಂಡಿಯ ಸಸಾರಜನಕದ ಹೆಚ್ಚಿನ ಭಾಗ ಮೊದಲ ಹೊಟ್ಟೆಯಲ್ಲಿಯೇ ಒಡೆದುಹೋಗುತ್ತದೆ. ಹತ್ತಿಕಾಳು ಹಿಂಡಿಯದು ಅದಕ್ಕಿಂತ ಹೆಚ್ಚು ಪಾಲು ಮುಂದಕ್ಕೆ ಸಾಗಿ ಕರುಳಿನಲ್ಲಿ ದಕ್ಕುತ್ತದೆ. ಆದುದರಿಂದ ಎರಡನ್ನೂ ಬೆರೆಸಿ ಕೊಡುವುದು ಉತ್ತಮ. ಇಡೀ ಹಿಂಡಿಗೆ ಹಿಂಡಿ ತಿನ್ನಿಸುವ ಶಕ್ತಿ ಯಾವ ಕುರಿಗಾರನಿಗಿದೆ ಎಂದು ಕೇಳಬಹುದು. ಇಡೀ ಹಿಂಡಿಗೆ ಬೇಡ. ತುಂಬುಗಬ್ಬದವು, ಈದವು, ಅವುಗಳಲ್ಲಿಯೂ ಮೊದಲ ಸೂಲಿನವು ಮತ್ತು ಅವಳಿ ಹಾಕಿದವು, ಇಷ್ಟಕ್ಕೇ ಸಂಜೆ ಬೇರೆ ಕಟ್ಟಿ ತಿನ್ನಿಸಿದರೆ ಸಾಕು. ಗೊಡ್ಡುಕುರಿಗೂ ಹಿರಿಯ ಟಗರಿಗೂ ಸಮನಾಗಿ ಹಂಚುವುದು ದಾನವಾದೀತು, ಲಾಭವಾಗದು.

ಸೊಪ್ಪಿನ ಮರಗಳನ್ನು ಮರೆಯಬಾರದು. ಅಗಸೆ, ಸುಬಾಬುಲ್, ಜಾಲಿ ಸೊಪ್ಪುಗಳಲ್ಲಿ ಸಸಾರಜನಕ ಸಾಕಷ್ಟಿದೆ. ಹಸುರು ಸೊಪ್ಪಾದ್ದರಿಂದ ಇ ಜೀವಸತ್ತ್ವವೂ ಸಿಗುತ್ತದೆ. ಒಣಹುಲ್ಲು, ಹೊಟ್ಟುಗಳಲ್ಲಿ ಅದು ಉಳಿದಿರುವುದಿಲ್ಲ. ಸುಬಾಬುಲ್‌ನಲ್ಲಿ ಮೈಮೊಸಿನ್ ಎಂಬ ವಿಷವಿರುವುದರಿಂದ ಒಟ್ಟು ಮೇವಿನ ಮೂರರಲ್ಲೊಂದು ಪಾಲನ್ನು ಮೀರಬಾರದು. ಸೊಪ್ಪಿನಿಂದ ಇನ್ನೊಂದು ಅನುಕೂಲ: ಮರಿಹುಳುಗಳು ಬಹುಮಟ್ಟಿಗೆ ನೆಲದಿಂದ ಎರಡು ಮೂರು ಅಂಗುಲದೊಳಗೇ ಇರುತ್ತವೆ. ಕತ್ತೆತ್ತಿ ಸೊಪ್ಪು ತಿನ್ನುವ ಕುರಿಯ ಬಾಯಿಗೆ ಅವು ಸಿಕ್ಕುವುದಿಲ್ಲ. ಮಳೆಗಾಲದಲ್ಲಿ ಇಬ್ಬನಿ ಆರುವ ಮೊದಲೇ ಹಿಂಡನ್ನು ಬಿಡುವುದು, ಕೆರೆಯಂಗಳದ ನೊಜ್ಜು ಹುಲ್ಲಿಗೆ ಈದ ಕುರಿಗಳನ್ನು ಹೊಡೆಯುವುದು ಸಲ್ಲದು. ಕೆರೆಯಂಗಳದಲ್ಲಿ ಬಸವನಹುಳುವಿನಿಂದ ಬರುವ ಚಪ್ಪಟೆಹುಳುಗಳ ಕಾಟವೂ ಸೇರಿಕೊಳ್ಳುತ್ತದೆ.

ಇನ್ನು ಔಷಧಿ. ಹಿಂಡಿನ ಎಲ್ಲ ಕುರಿಗಳಲ್ಲಿಯೂ ಹುಳು ಸಮನಾಗಿ ಹಂಚಿಕೊಂಡಿರುವುದಿಲ್ಲ. ಕೆಲವೇ ಕುರಿಗಳ ಹೊಟ್ಟೆಯಲ್ಲಿ ಬಹುಪಾಲು ಹುಳುಗಳಿರುತ್ತವೆ. ಅವನ್ನು ಗುರುತಿಸಲು ದಕ್ಷಿಣ ಆಫ್ರಿಕದ ಪಶುವೈದ್ಯರು ‘ಫಮಾಚ’ ಎಂಬ ಬಣ್ಣದ ಪಟ್ಟಿಯನ್ನು ರೂಪಿಸಿದರು. ಕುರಿಯ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಒಳಪೊರೆಯ ಬಣ್ಣವನ್ನು ಪಟ್ಟಿಯ ಐದು ಬಣ್ಣಗಳೊಡನೆ ಹೋಲಿಸುವುದು ಇದರ ಕ್ರಮ. ಒಂದು ಎಂದರೆ ಗಾಢ ಕೆಂಪು, ಐದು ಎಂದರೆ ಬಿಳಿ. ನಾಲ್ಕು, ಐದಕ್ಕೆ ಔಷಧಿ ಕೊಡಲೇಬೇಕು. ಗಬ್ಬದ ಕುರಿ, ಹಾಲೂಡುವ ಕುರಿ ಮತ್ತು ಮರಿಗಳಾದರೆ ಮೂರಕ್ಕೇ ಕೊಡುವುದು ಕ್ಷೇಮ. ಕೆಂಪು ಕಣ್ಣಿನ ಕುರಿಗಳನ್ನು ಹಾಗೆಯೇ ಬಿಡಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಕಣ್ಣು ನೋಡುವುದು ಅವಶ್ಯ. ಈ ಪರೀಕ್ಷೆ ರಕ್ತ ಹೀರುವ ಹುಳುವಿಗಷ್ಟೇ ಹೊಂದುತ್ತದೆ. ಕಣ್ಣು ಕೆಂಪಗಿದ್ದೂ ಕುರಿ ಮೇವು ಬಿಟ್ಟು ಉಚ್ಚಿಕೊಳ್ಳುತ್ತಿದ್ದರೆ ಅದು ಕರುಳಿನ ತೆಳುಹುಳುವಿನ ಕೆಲಸವಿರಬಹುದು. ಆಗ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಬೇಕು.

ಎಲ್ಲವಕ್ಕೂ ಕುಡಿಸಿದರೆ ತಪ್ಪೇನು ಎಂಬ ಪ್ರಶ್ನೆ ಏಳುತ್ತದೆ. ಔಷಧಿಗೆ ಸಾಯದೆ ಉಳಿದ ಹುಳುಗಳಷ್ಟೇ ಮುಂದಿನ ಪೀಳಿಗೆಯನ್ನು ಬೆಳೆಸುತ್ತವೆ, ಕೊನೆಗೆ ಆ ಔಷಧಿಯೇ ನಾಟದಂತಾಗುತ್ತದೆ. ಇದು ಹೊಸ ಸುದ್ದಿಯಲ್ಲ. ಹಿಮಾಂಕಸ್ ಹುಳುವು ಫಿನೊಥಯಜಿನ್ ಮತ್ತು ಥಯಾಬೆಂಡಜೋಲ್ ಔಷಧಿಗಳನ್ನು ಜಯಿಸುತ್ತಿರುವುದು ನಮ್ಮ ದೇಶದಲ್ಲಿಯೇ 1976ರಲ್ಲಿ ವರದಿಯಾಗಿತ್ತು. ಔಷಧಿ ಕುಡಿಯದ ಕೆಂಪು ಕಣ್ಣಿನ ಕುರಿಗಳು ಔಷಧಿಗೆ ಬಗ್ಗುವ ಹುಳುಗಳ ಮೊಟ್ಟೆಗಳನ್ನೂ ಹುಲ್ಲಿಗೆ ಉದುರಿಸುತ್ತಿದ್ದರೆ ಆ ಜಾತಿ ಅಳಿಯದೆ ಉಳಿದು ಔಷಧಿಯ ಬಲವೂ ಉಳಿಯುತ್ತದೆ.

ಪ್ರಮಾಣದಲ್ಲಿ ಆಗುವ ತಪ್ಪೇ ಅತಿ ಸಾಮಾನ್ಯ. ಆಲ್ಬೆಂಡಜೋಲ್ ದ್ರಾವಣವು ಒಂದು ಮಿಲಿಲೀಟರಿಗೆ 25 ಮಿಲಿಗ್ರಾಂ ಇರುವಂಥದ್ದು, ವೈದ್ಯರು ಹೇಳಿದ ಪ್ರಮಾಣ ಕಿಲೋ ತೂಕಕ್ಕೆ 7.5 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. 30 ಕಿಲೋ ಕುರಿಗೆ 225 ಮಿಲಿಗ್ರಾಂ, ಅಂದರೆ 9 ಮಿಲಿಲೀಟರ್ ಬೇಕು. ಕಣ್ಣಂದಾಜಿನಲ್ಲಿ 20 ಕಿಲೋ ಎಂದು 6 ಮಿಲಿಲೀಟರ್ ಕುಡಿಸಿದರೆ ಬಲಹೀನ ಹುಳುಗಳು ಸತ್ತು ಬಲಶಾಲಿಗಳು ಉಳಿಯುತ್ತವೆ. ಒಂದು ತೂಗುತಕ್ಕಡಿಯಲ್ಲಿ ನಾಲ್ಕಾರು ಕುರಿಗಳನ್ನು ತೂಗಿ, ಒಂದೇ ಗಾತ್ರದ ಗುಂಪಿನಲ್ಲಿ ಅತಿ ಭಾರದ ಕುರಿಯ ತೂಕಕ್ಕೆ ಪ್ರಮಾಣವನ್ನು ಗೊತ್ತುಮಾಡುವುದು ಸರಿಯಾದ ಕ್ರಮ. ಸೀಸೆಯನ್ನು ಚೆನ್ನಾಗಿ ಅಲುಗಿಸಬೇಕು. ಇಲ್ಲದಿದ್ದರೆ ಮೊದಲ ಕುರಿಗೆ ನೀರು, ಕೊನೆಯ ಕುರಿಗೆ ಮದ್ದು. ಆಲ್ಬೆಂಡಜೋಲನ್ನು ಗಬ್ಬ ನಿಂತ ಮೊದಲ ತಿಂಗಳಲ್ಲಿ ಕೊಡಲೇಬಾರದು, ಹೊಟ್ಟೆಯ ಮರಿ ಅಂಗವಿಕಲವಾಗಬಹುದು. ಟಗರನ್ನು ಬಿಟ್ಟ ದಿನವನ್ನು ಗುರುತು ಹಾಕಿಕೊಳ್ಳದ ಹಿಂಡಿನಲ್ಲಿ ಈ ಎಚ್ಚರಿಕೆ ಪಾಲಿಸುವುದು ಕಷ್ಟ. ಅಂಥಲ್ಲಿ ಯಾವ ಔಷಧಿ ಎಂಬುದನ್ನು ಪಶುವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಔಷಧಿ ನಾಟಿತೋ ಇಲ್ಲವೋ ಎಂಬುದನ್ನು ತಿಳಿಯಲು ಕುಡಿಸುವ ದಿನ ಹತ್ತು ಕುರಿಗಳ ಹಿಕ್ಕೆ, ಹತ್ತರಿಂದ ಹದಿನಾಲ್ಕು ದಿನಗಳ ನಂತರ ಅದೇ ಕುರಿಗಳ ಹಿಕ್ಕೆಯನ್ನು ಪರೀಕ್ಷೆಗೆ ಕೊಡಬೇಕು. ಹಿಕ್ಕೆಯನ್ನು ನೆಲದಿಂದ ಆರಿಸದೆ ಕುರಿಯ ಗುದದ್ವಾರದಿಂದಲೇ ತೆಗೆದು, ಸಣ್ಣ ಚೀಲದಲ್ಲಿ ಕಟ್ಟಿ, ಬಿಸಿಲು ತಾಗದಂತೆ ಅಂದೇ ಒಯ್ಯಬೇಕು. ಮೊಟ್ಟೆಗಳು ನೂರಕ್ಕೆ ತೊಂಬತ್ತೈದಕ್ಕಿಂತ ಕಡಿಮೆ ಇಳಿದಿದ್ದರೆ ಆ ಜಾತಿಯ ಔಷಧಿ ಆ ಹಿಂಡಿನಲ್ಲಿ ಸೋಲುತ್ತಿದೆ ಎಂದು ಸಂಶಯಿಸಬೇಕು. ಸೀಸೆಯ ಮೇಲಿನ ಕಂಪನಿಯ ಹೆಸರು ಬದಲಾದ ಮಾತ್ರಕ್ಕೆ ಔಷಧಿ ಬದಲಾಗದು. ಆಲ್ಬೆಂಡಜೋಲ್ ಮತ್ತು ಫೆನ್‌ಬೆಂಡಜೋಲ್ ಒಂದೇ ಮನೆತನದವು. ಲೆವಮಿಸೋಲ್, ಐವರ್‌ಮೆಕ್ಟಿನ್, ಕ್ಲೊಸಾಂಟೆಲ್ ಬೇರೆ ಬೇರೆ ಮನೆತನದವು.

ಟಗರಿನ ಆಯ್ಕೆ

ಹಾರ್ಮೋನಿನ ಆಟ ಟಗರಿನಲ್ಲಿಯೂ ಇದೆ. ಗಂಡು ಹಾರ್ಮೋನು ರೋಗನಿರೋಧಕ ಶಕ್ತಿಯನ್ನು ಸ್ವಲ್ಪ ತಗ್ಗಿಸುವುದರಿಂದ ಬೀಜದ ಟಗರಿಗೆ ಹೆಣ್ಣಿಗಿಂತ ಹುಳು ಬೇಗ ಅಂಟುತ್ತದೆ. ಬಾಧೆ ಬಲಿತಾಗ ಅದೇ ಗಂಡು ಹಾರ್ಮೋನು ಕುಗ್ಗಿ ಹಾರುವ ಹುಮ್ಮಸ್ಸು ಇಳಿಯುತ್ತದೆ. ವೀರ್ಯಾಣುವಿನ ಪೊರೆಯಲ್ಲಿ ಬೇಗ ಕಮಟುವ ಬಗೆಯ ಕೊಬ್ಬು ಹೆಚ್ಚಾಗಿರುವುದರಿಂದ ಉತ್ಕರ್ಷಣದ ಕಿಡಿ ಅದಕ್ಕೆ ಬಲು ಬೇಗ ತಾಗುತ್ತದೆ. ಹೆಣ್ಣು ಕುರಿಗಳು ಮತ್ತೆ ಮತ್ತೆ ಬೆದೆಗೆ ಬರುತ್ತಿದ್ದರೆ ಹೆಣ್ಣನ್ನಷ್ಟೇ ದೂರದೆ ಟಗರಿನ ರೆಪ್ಪೆಯನ್ನೂ ಒಮ್ಮೆ ಬಿಡಿಸಿ ನೋಡತಕ್ಕದ್ದು.

ಹುಳುವನ್ನು ತಡೆಯುವ ಶಕ್ತಿ ವಂಶದಲ್ಲಿಯೂ ಇಳಿದು ಬರುತ್ತದೆ. ಬಂಗಾಳದ ಸುಂದರಬನದ ಜೌಗಿನಲ್ಲಿ ಬದುಕುವ ಗಾರೊಲ್ ಎಂಬ ಗಿಡ್ಡ ತಳಿ ಹಿಮಾಂಕಸ್ ಹುಳುವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಬನ್ನೂರು, ಡೆಕ್ಕನಿ, ಕೆಂಗುರಿ ಯಾವ ತಳಿಯ ಹಿಂಡಾದರೂ ಸರಿ, ಅದರೊಳಗೇ ಒಂದು ಕುರಿಗೂ ಇನ್ನೊಂದಕ್ಕೂ ವ್ಯತ್ಯಾಸವಿರುತ್ತದೆ. ಹದಿನೈದು ದಿನಕ್ಕೊಮ್ಮೆ ಕಣ್ಣು ನೋಡುವ ರೈತನು ಔಷಧಿ ಕುಡಿಸಿದ ಕುರಿಯ ಕಿವಿಗೆ ಅಥವಾ ಕೊರಳಿಗೆ ಒಂದು ಗುರುತು ಮಾಡುತ್ತ ಹೋದರೆ, ಎರಡು ಮಳೆಗಾಲ ಕಳೆಯುವುದರಲ್ಲಿ ಯಾವ ತಾಯಿಗೆ ಪದೇ ಪದೇ ಔಷಧಿ ಬೇಕಾಯಿತು, ಯಾವುದಕ್ಕೆ ಒಮ್ಮೆಯೂ ಬೇಕಾಗಲಿಲ್ಲ ಎಂಬುದು ಅವನ ಮುಂದೆಯೇ ಇರುತ್ತದೆ. ಮೂರು ನಾಲ್ಕು ಗುರುತು ಬಿದ್ದ ಕುರಿಯನ್ನು ಸಂತೆಗೆ ಕಳಿಸಿ, ಗುರುತು ಬೀಳದ ತಾಯಿಯ ಗಂಡುಮರಿಯನ್ನು ಬೀಜಕ್ಕೆ ಉಳಿಸಿಕೊಳ್ಳಬಹುದು.